ಖಾಲಿ ಗೋಡೆ ಬೇಕಂತೆ

"ಮಾವ, ಇದು ಹೂಂ ಅಂತಲೋ, ಊಹೂಂ ಅಂತಲೋ?" ಅಕ್ಕನ ಮಗಳು ಫೋನನ್ನು ನನ್ನ ಮೂಗಿಗೇ ಹಿಡಿದಳು. ಮುಂಬಯಿಯ ಯಾವುದೋ ಮಾಡೆಲಿಂಗ್ ಏಜೆನ್ಸಿಯ ಉತ್ತರ. ಆಸಕ್ತಿ ತೋರಿಸಿದ್ದಕ್ಕೆ ಧನ್ಯವಾದವಂತೆ. ಸದ್ಯಕ್ಕೆ ಹೊಂದುವ ಅವಕಾಶ ಇಲ್ಲವಂತೆ. ವಿವರಗಳನ್ನು ಫೈಲಿನಲ್ಲಿ ಇಟ್ಟುಕೊಂಡಿರುತ್ತಾರಂತೆ.

ಸರ್ಕಾರಿ ಕಚೇರಿಯಲ್ಲಿ ತಲೆ ನರೆಸಿಕೊಂಡವನು ನಾನು. ಫೈಲಿನಲ್ಲಿ ಇಟ್ಟುಕೊಂಡ ಕಾಗದ ಏನಾಗುತ್ತದೆ ಅಂತ ನನಗೂ ಗೊತ್ತು, ಇಲಿಗೂ ಗೊತ್ತು. ನಾವು ಎಷ್ಟೇ ಕೆಟ್ಟವರಾದರೂ ಹಿಂಬರಹ ಅಂತ ಒಂದು ಕೊಡುತ್ತಿದ್ದೆವು. ಅರ್ಜಿ ತಿರಸ್ಕರಿಸಲಾಗಿದೆ, ಕೆಳಗೆ ಸಹಿ, ಸೀಲು. ಬೈಯೋಕೆ ಒಂದು ಹೆಸರಾದರೂ ಸಿಗುತ್ತಿತ್ತು. ಇಲ್ಲಿ ಸಹಿ ಇರಬೇಕಾದ ಜಾಗದಲ್ಲಿ "ತಂಡ" ಅಂತ ಇದೆ. ತಂಡವನ್ನು ಹೇಗೆ ಬೈಯೋದು? ಇನ್ನು ಕೆಲವರು ಅದನ್ನೂ ಬರೆಯುವುದಿಲ್ಲ. ಇಷ್ಟು ವಾರದಲ್ಲಿ ಸುದ್ದಿ ಬರದಿದ್ದರೆ ಇಲ್ಲ ಅಂತಲೇ ತಿಳಿಯಿರಿ ಅಂತ ಮೊದಲೇ ಹೇಳಿ ಕೈತೊಳೆದುಕೊಂಡಿರುತ್ತಾರೆ.

ಇಂಥ ಉತ್ತರಗಳ ಬಗ್ಗೆ ನನ್ನದೊಂದು ಸಿದ್ಧಾಂತ ಇದೆ. ಹೇಳುತ್ತೇನೆ, ಮೊದಲು ಫೋಟೋ ವಿಷಯ ಮುಗಿಯಲಿ.

ಏಜೆನ್ಸಿಗೆ ಕಳಿಸೋ ಫೋಟೋದಲ್ಲಿ ಮೇಕಪ್ ಇರಬಾರದು. ಕೂದಲು ಹಿಂದಕ್ಕೆ ಕಟ್ಟಿರಬೇಕು. ಎದುರಿಂದ ಒಂದು, ಪಕ್ಕದಿಂದ ಒಂದು, ತಲೆಯಿಂದ ಕಾಲಿನವರೆಗೆ ಒಂದು. ಹಿಂದೆ ಖಾಲಿ ಗೋಡೆ ಇರಬೇಕು. ಮೈಸೂರಿನ ಸರಸ್ವತಿಪುರಂನ ಹಳೇ ಮನೆಯಲ್ಲಿ ಖಾಲಿ ಗೋಡೆ! ಒಂದರ ಮೇಲೆ ಚಾಮುಂಡೇಶ್ವರಿ, ಇನ್ನೊಂದರ ಮೇಲೆ ಕ್ಯಾಲೆಂಡರು, ಮತ್ತೊಂದರಲ್ಲಿ ಅಕ್ಕನ ಮಾವನವರು ಗಂಧದ ಹಾರ ಹಾಕಿಕೊಂಡು ಕೂತಿದ್ದಾರೆ. ಅವರನ್ನು ಇಳಿಸೋಕೆ ಅಕ್ಕ ಒಪ್ಪಲಿಲ್ಲ. ಕೊನೆಗೆ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿದೆವು. ಹಪ್ಪಳ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆ, "ಪಾಸ್‌ಪೋರ್ಟಿಗಾ? ಸ್ವಲ್ಪ ಪೌಡರಾದ್ರೂ ಹಚ್ಕೋಬಾರ್ದಾ ಮಗು" ಅಂದರು.

ಎತ್ತರದ್ದೇ ಇನ್ನೊಂದು ರಗಳೆ. ಫ್ಯಾಷನ್ ಷೋ ರ‍್ಯಾಂಪಿಗೆ ಸಾಮಾನ್ಯವಾಗಿ 5 ಅಡಿ 8 ಅಂಗುಲ ಕೇಳುತ್ತಾರೆ. ನಮ್ಮವಳು ಅಷ್ಟಿಲ್ಲ.

ಅಲ್ಲ, ಜಗನ್ಮೋಹನ ಅರಮನೆಯ ಚಿತ್ರದಲ್ಲಿ ದೀಪ ಹಿಡಿದು ನಿಂತಿದ್ದಾಳಲ್ಲ, ಅವಳ ಎತ್ತರ ಯಾರಾದರೂ ಕೇಳಿದ್ದಾರಾ? ಆ ಚಿತ್ರ ರವಿವರ್ಮನದು ಅಂತ ಊರಿಗೆ ಊರೇ ಹೇಳುತ್ತದೆ. ಮನೆಗೆ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ ತಿದ್ದಿ ತಿದ್ದಿ ನನಗೆ ಸಾಕಾಗಿದೆ. ರವಿವರ್ಮ 1906ರಲ್ಲೇ ಹೋದರು. ಎಷ್ಟೋ ವರ್ಷದ ಮೇಲೆ ಇದನ್ನು ಬರೆದವರು ಎಸ್.ಎಲ್. ಹಲ್ದಣಕರ್ ಅನ್ನೋ ಕಲಾವಿದರು. ಅದೂ ಜಲವರ್ಣದಲ್ಲಿ. ತಪ್ಪಿದರೆ ಅಳಿಸಿ ತಿದ್ದೋದು ಅಷ್ಟು ಸುಲಭವಲ್ಲ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲಿ ಕೆಂಪು ಬೆಳಕು ಸೋಸಿ ಬರುತ್ತದೆ, ನೋಡಿ, ಅಲ್ಲಿ ಎಂಥವರೂ ಬಾಯಿ ಮುಚ್ಚುತ್ತಾರೆ. ನಿಂತವಳು ಅವರ ಸ್ವಂತ ಮಗಳು ಗೀತಾ. ಗಂಟೆಗಟ್ಟಲೆ ನಿಂತರಂತೆ. ಅರ್ಜಿ ಇಲ್ಲ, ಅಳತೆ ಇಲ್ಲ, ಅಪ್ಪ ನಿಲ್ಲು ಅಂದರು, ನಿಂತರು. ನೂರು ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಮೈಸೂರಿನಲ್ಲಿ ಇಷ್ಟು ಜನ ನೋಡಿದ ಮಾಡೆಲ್ ಇನ್ನೊಬ್ಬಳಿಲ್ಲ. ಆದರೂ ನಮ್ಮ ನೆಂಟರು ಆಚೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ, "ರವಿವರ್ಮ ಎಷ್ಟು ಚೆನ್ನಾಗಿ ಬರೆದಿದ್ದಾನಲ್ವಾ" ಅಂತಾರೆ. ಅಂಥವರಿಗೆ ನಾನು ಕಾಫಿ ಕೊಡಿಸುವುದಿಲ್ಲ.

ಎಲ್ಲಿದ್ದೆ? ಹಾಂ, ಉತ್ತರಗಳು. ಹೂಂ ಅಂದವರೂ ಒಬ್ಬರಿದ್ದರು. ಬೆಳಿಗ್ಗೆ ಫೋಟೋ ಹೋಯಿತು, ಸಾಯಂಕಾಲಕ್ಕೆ "ಆಯ್ಕೆಯಾಗಿದ್ದೀರಿ, ಅಭಿನಂದನೆಗಳು!" ಅಕ್ಕ ಮೈಸೂರು ಪಾಕ್ ತರಿಸುವುದರಲ್ಲಿದ್ದಳು. ಕೆಳಗೆ ಓದಿದರೆ, ಪೋರ್ಟ್‌ಫೋಲಿಯೋ, ಅಂದರೆ ಅವಳ ಫೋಟೋಗಳ ಆಲ್ಬಮ್ಮು, ಅದರ ಖರ್ಚಿಗೆ 25,000 ರೂಪಾಯಿ ಕಟ್ಟಬೇಕು. ಹುಡುಗಿ ಒಂದೇ ಏಟಿಗೆ ಅವರನ್ನು ಬ್ಲಾಕ್ ಮಾಡಿದಳು. ಸರಿಯಾದ ಏಜೆನ್ಸಿಯವರು ಕೆಲಸ ಕೊಡಿಸಿ, ಬಂದ ದುಡ್ಡಲ್ಲಿ ಕಮಿಷನ್ ಹಿಡಿಯುತ್ತಾರೆ ಮಾವ, ಮೊದಲೇ ಕೇಳೋರು ಕಳ್ಳರು ಅಂತ ನನಗೇ ಪಾಠ ಹೇಳಿದಳು.

ಮುಂಬಯಿಯವರಿಗೆ ನಾನೊಂದು ಖಾರವಾದ ಉತ್ತರ ಬರೆದುಕೊಟ್ಟೆ. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಶುರು. ಅವಳು ಕಳಿಸಲಿಲ್ಲ. ಆರು ತಿಂಗಳು ಬಿಟ್ಟು ಹೊಸ ಫೋಟೋ ಹಾಕೋದು, ಜಗಳ ಆಡೋದಲ್ಲ ಅಂದಳು. ಈಗಿನ ಮಕ್ಕಳಿಗೆ ಸಿಟ್ಟೇ ಬರುವುದಿಲ್ಲವಲ್ಲ! ನನ್ನ ಸಿದ್ಧಾಂತ ಹೇಳೋಣ ಅಂದರೆ ಕೇಳೋಕೂ ನಿಲ್ಲಲಿಲ್ಲ.

ಈ ನಡುವೆ ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಯವರೊಬ್ಬರು ದಸರಾ ಬ್ಯಾನರಿಗೆ ಇವಳನ್ನು ಕೇಳಿದ್ದಾರೆ. ಎತ್ತರ ಕೇಳಲಿಲ್ಲ, ಅಳತೆ ಕೇಳಲಿಲ್ಲ. "ಒಡವೆ ನಿಮ್ಮದೇ ತರ್ತೀರಾ?" ಅಂತ ಮಾತ್ರ ಕೇಳಿದರಂತೆ. ದುಡ್ಡಿನ ಮಾತು ಬಂದಾಗ ಒಂದು ಸೀರೆ ಕೊಡ್ತೀವಿ ಅಂದರಂತೆ. ಹುಡುಗಿ ಆಗಲ್ಲ ಅನ್ನುತ್ತಿದ್ದಾಳೆ. ಅಕ್ಕ ಮಾತ್ರ, ಯಾವ ಸೀರೆ ಅಂತ ಮೊದಲು ಕೇಳು ಅನ್ನುತ್ತಿದ್ದಾಳೆ.