ಸುಸ್ವಾಗತ, ಮೂರನೆಯ ಸಲ

ನಿನ್ನೆ ಐದು ಗಂಟೆಗೆ ಮುಗಿಯಬೇಕಿದ್ದ ಸಭೆ ಆರೂವರೆಗೆ ಮುಗಿಯಿತು. ಅಷ್ಟರಲ್ಲಿ ಕಚೇರಿ ಎದುರಿನ ಅಂಗಡಿಯಲ್ಲಿ ಮೆಣಸಿನಕಾಯಿ ಬಾಣಲೆಯಿಂದ ಇಳಿದು, ಆರಿ, ಮೆತ್ತಗಾಗಿತ್ತು. ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿಯ ಜೊತೆ ಆರಿದ ಮೆಣಸಿನಕಾಯಿ ತಿನ್ನುವಂಥ ಪಾಪ ನಾನೇನು ಮಾಡಿದ್ದೆ? ನಾನೇನೂ ಮಾಡಿರಲಿಲ್ಲ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಸ್ಲೈಡ್ ಮಾಡಿದ್ದರು.

ವಿಷಯ ಇಷ್ಟೇ: ಜಿಲ್ಲೆಯ ಆರು ತಾಲ್ಲೂಕುಗಳ ಸಾಲ ವಸೂಲಿ. ಕಾಗದದಲ್ಲಿ ಕೊಟ್ಟಿದ್ದರೆ ಚಹಾ ಮುಗಿಯುವುದರೊಳಗೆ ಓದಿ ಎದ್ದು ಹೋಗುತ್ತಿದ್ದೆವು. ಆದರೆ ಇವರ ಪರದೆಯ ಮೇಲೆ ಯಾವ ತಾಲ್ಲೂಕೂ ಸುಮ್ಮನೆ ಬರುವುದಿಲ್ಲ. ಜಗಳೂರು ಚೆಂಡಿನಂತೆ ಪುಟಿಯುತ್ತದೆ. ಹರಿಹರ ಬುಗುರಿಯಾಗುತ್ತದೆ. ಹೊನ್ನಾಳಿ ಮೇಲಿನಿಂದ ದೊಪ್ಪನೆ ಬೀಳುತ್ತದೆ, ಚನ್ನಗಿರಿ ಟೈಪ್‌ರೈಟರ್ ಸದ್ದಿನೊಂದಿಗೆ ಒಂದೊಂದೇ ಅಕ್ಷರವಾಗಿ ಮೂಡುತ್ತದೆ. ಹರಪನಹಳ್ಳಿ 2018ರಲ್ಲಿ ಬಳ್ಳಾರಿ ಜಿಲ್ಲೆಗೆ ಸೇರಿದಾಗ ಬೇಸರಪಟ್ಟವರಲ್ಲಿ ನಾನೂ ಒಬ್ಬಳು. ನಿನ್ನೆ ಮಾತ್ರ, ಹೋದದ್ದೇ ಒಳ್ಳೆಯದಾಯಿತು ಎನಿಸಿತು.

1997ರವರೆಗೆ ನಮ್ಮದೂ ಚಿತ್ರದುರ್ಗ ಜಿಲ್ಲೆಯೇ ಆಗಿತ್ತಾದ್ದರಿಂದ ಓಬವ್ವನ ಮೇಲೆ ನಮಗೂ ಸ್ವಲ್ಪ ಹಕ್ಕಿದೆ. ಹೈದರಾಲಿಯ ಸೈನಿಕರು ಕಿಂಡಿಯಿಂದ ಒಬ್ಬೊಬ್ಬರಾಗಿ ತಲೆ ತೂರಿಸಿದ ಹಾಗೆಯೇ ಪರದೆಯ ಎಡ ಅಂಚಿನಿಂದ ಅಂಕಿಗಳು ಒಂದೊಂದಾಗಿ ತೂರಿ ಬರುತ್ತಿದ್ದವು. ನನ್ನ ಕೈಯಲ್ಲಿದ್ದದ್ದು ಒಂದು ಬಾಲ್‌ಪೆನ್ನು.

ಇಷ್ಟರಲ್ಲಿ ಅಧಿಕಾರಿಗಳು, "ಹೋದ ವರ್ಷದ ಅಂಕಿ ಇನ್ನೊಮ್ಮೆ ತೋರಿಸಿ" ಎಂದರು.

ಪ್ರತಿ ಸ್ಲೈಡಿನ ಮೂಲೆಯಲ್ಲೂ ಇವರು ಒಂದು ಬಾಣ, ಅದಕ್ಕೆ ಒತ್ತಿಕೊಂಡಂತೆ ಒಂದು ಪುಟ್ಟ ಮನೆ ಇಟ್ಟಿದ್ದಾರೆ. ಬಾಣ ಹಿಂದಿನ ಸ್ಲೈಡಿಗೆ, ಮನೆ ಮೊದಲ ಸ್ಲೈಡಿಗೆ. ಕೈ ಜಾರಿ ಮನೆಯ ಮೇಲೆ ಬಿತ್ತು. ಮನೆಗೆ ಹೋಗುವ ಆಸೆ ನಮಗೆ, ಹೋದದ್ದು ಸ್ಲೈಡು. ಕೆಂಪು ಪರದೆ ಎರಡೂ ಬದಿಗೆ ಸರಿಯಿತು, ಗುಲಾಬಿ ಹೂವಿನ ನಡುವೆ "ಸುಸ್ವಾಗತ" ಬಂತು, ಜೊತೆಗೆ ಚಪ್ಪಾಳೆ. ಜಗಳೂರು ಮತ್ತೆ ಪುಟಿಯಿತು. ಹರಿಹರ ಮತ್ತೆ ಸುತ್ತಿತು.

"ಸರ್, ಏಳು ಒತ್ತಿ ಎಂಟರ್ ಒತ್ತಿದರೆ ನೇರವಾಗಿ ಏಳನೆಯ ಸ್ಲೈಡಿಗೇ ಹೋಗುತ್ತದೆ" ಎಂದು ಪಿಸುಗುಟ್ಟಿದೆ.

"ಅಡ್ಡದಾರಿಯೆಲ್ಲ ಬೇಡ ಮೇಡಂ, ಕ್ರಮವಾಗಿಯೇ ಬರೋಣ" ಎಂದರು.

ಕ್ರಮವಾಗಿ ಬಂದೆವು. ಆರನೆಯದರಲ್ಲಿ ಕೈ ಮತ್ತೆ ಜಾರಿತು. ಸುಸ್ವಾಗತ. ಚಪ್ಪಾಳೆ. ಮೂರನೆಯ ಸಲ ಅಧಿಕಾರಿಗಳೇ ಮೌಸ್ ಕಿತ್ತುಕೊಂಡು ಒತ್ತಿದರು; ಅವರಿಗೂ ಸುಸ್ವಾಗತವೇ ಸಿಕ್ಕಿತು. ಹಿಂದಿನ ಸಾಲಿನಲ್ಲಿ ಯಾರೋ ನಿದ್ದೆಯಿಂದ ಬೆಚ್ಚಿ ಎದ್ದು ತಾವೂ ಚಪ್ಪಾಳೆ ತಟ್ಟಿದರು. ಬಿ ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಹೇಳಲಿಲ್ಲ. ಮುಂದಿನ ತಿಂಗಳು ಅದನ್ನೂ ಕಾರ್ಯಕ್ರಮದಲ್ಲಿ ಸೇರಿಸಿಬಿಟ್ಟಾರು.

ಒಂದರ ನಂತರ ಒಂದು ಬರುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಅಡಿಕೆ ಸುಲಿದು, ಬೇಯಿಸಿ, ಒಣಗಿಸುವ ಹಂತಗಳನ್ನು ತೋರಿಸುವಾಗ ಹಾಗೆ ಬಂದರೇನೇ ಚೆಂದ. ಬಾಕಿ ಉಳಿದ ಸಾಲ ಯಾಕೆ ಬುಗುರಿಯಾಗಬೇಕು?

ಮೆಟ್ಟಿಲಿಳಿಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ: "ಆ ಚಪ್ಪಾಳೆಯನ್ನಾದರೂ ತೆಗೆಯಬಹುದಲ್ಲ ಸರ್?"

"ಅದು ಮಗಳು ಹೈಸ್ಕೂಲಿನಲ್ಲಿದ್ದಾಗ ಹಾಕಿಕೊಟ್ಟದ್ದು ಮೇಡಂ. ಅದೇ ಫೈಲಿನಲ್ಲಿ ಅಂಕಿ ಬದಲಿಸುತ್ತಾ ಬಂದಿದ್ದೇನೆ. ಈಗ ಅವಳು ಪುಣೆಯಲ್ಲಿದ್ದಾಳೆ." ಒಂದು ಮೆಟ್ಟಿಲು ಇಳಿದು, "ತೆಗೆಯುವುದು ಹೇಗೆಂದು ನನಗೆ ಗೊತ್ತಿಲ್ಲ" ಎಂದರು.

ಎರಡು ನಿಮಿಷದ ಕೆಲಸ. ಮಾಡಿಕೊಡುತ್ತೇನೆ ಎನ್ನಲು ಬಾಯಿ ಬರಲಿಲ್ಲ.

ಅಂಗಡಿಯಲ್ಲಿ ಅವರೇ ದುಡ್ಡು ಕೊಟ್ಟರು. ಆರಿದ ಮೆಣಸಿನಕಾಯಿಯನ್ನು ನಾನು ಎರಡೇ ತುತ್ತಿಗೆ ಮುಗಿಸಿ ಬಸ್ಸಿಗೆ ಕಣ್ಣಿಟ್ಟು ನಿಂತೆ. ಅವರು ಮಂಡಕ್ಕಿಯನ್ನು ಒಂದೊಂದೇ ಕಾಳು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.