ಆ ಕುದುರೆ ಯಾರದು?

ಸೋತು ಸುಣ್ಣವಾದ ಕುದುರೆಯ ಮೇಲೆ ವಾಲಿಕೊಂಡು ಜಲಾಲಾಬಾದ್ ಕೋಟೆಯತ್ತ ಬರುತ್ತಿರುವ ಬಿಳಿಯನೊಬ್ಬನ ವರ್ಣಚಿತ್ರವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. 1879ರಲ್ಲಿ ಎಲಿಜಬೆತ್ ಬಟ್ಲರ್ ಬರೆದ ಚಿತ್ರ. ಕುದುರೆಯ ಮೇಲಿರುವವನು ಡಾಕ್ಟರ್ ವಿಲಿಯಂ ಬ್ರೈಡನ್. "ಕಾಬೂಲಿನಿಂದ ಹೊರಟ ಹದಿನಾರು ಸಾವಿರ ಜನರಲ್ಲಿ ಬದುಕಿ ಬಂದವನು ಇವನೊಬ್ಬನೇ" ಎಂಬ ಸಾಲಿನೊಂದಿಗೆ ಮೊನ್ನೆ ಗೆಳೆಯರೊಬ್ಬರು ಅದನ್ನು ಹಂಚಿಕೊಂಡಿದ್ದರು. ನಾನೂ ಬಹಳ ಕಾಲ ಹಾಗೆಂದೇ ನಂಬಿದ್ದೆ. ಈಗ ಆ ಸಾಲು ಕಂಡರೆ ಸಿಟ್ಟು ಬರುತ್ತದೆ.

ಅಫ್ಘಾನಿಸ್ತಾನದ ದೊರೆ ದೋಸ್ತ್ ಮೊಹಮ್ಮದನನ್ನು ಇಳಿಸಿ ಕಾಬೂಲಿನಲ್ಲಿ ಬೀಡುಬಿಟ್ಟಿದ್ದ ಈಸ್ಟ್ ಇಂಡಿಯಾ ಕಂಪನಿಯ ದಂಡು, ಅಲ್ಲಿನವರು ದಂಗೆ ಎದ್ದ ಮೇಲೆ ಜಲಾಲಾಬಾದಿನತ್ತ ಹಿಮ್ಮೆಟ್ಟಿತು. 1842ರ ಜನವರಿ 6ರಂದು ಹೀಗೆ ಹೊರಟ ಸೈನಿಕರು ಸುಮಾರು 4,500. ಅವರಲ್ಲಿ ಬಿಳಿಯರು ಏಳುನೂರರಷ್ಟು, ಮಿಕ್ಕವರು ಕಂಪನಿಯ ಹಿಂದೂಸ್ತಾನಿ ಸಿಪಾಯಿಗಳು ಮತ್ತು ಸವಾರರು. ಅವರ ಬೆನ್ನಿಗೆ ಸುಮಾರು 12,000 ಮಂದಿ: ಕುದುರೆ ನೋಡಿಕೊಳ್ಳುವವರು, ಅಡುಗೆಯವರು, ನೀರು ಹೊರುವವರು, ಡೋಲಿ ಹೊರುವವರು, ಹೆಂಗಸರು, ಕಂಕುಳ ಕೂಸುಗಳು. ಸಿಪಾಯಿಗಳು ಸಂಬಳಕ್ಕಾಗಿ ಪರರ ನೆಲ ತುಳಿಯಲು ಹೋದವರೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ನೀರು ಹೊರುವವನ ಮಗು ಯಾರ ರಾಜ್ಯ ಕಸಿದಿತ್ತು?

ದುರಂತಕ್ಕೆ ಚಳಿಯನ್ನು ದೂರುವುದು ಸುಲಭ. ಕಣಿವೆ ಕಾಯುತ್ತಿದ್ದ ಘಿಲ್ಜಾಯಿ ಬುಡಕಟ್ಟಿನ ನಾಯಕರಿಗೆ ವರ್ಷಕ್ಕೆ ಸಲ್ಲುತ್ತಿದ್ದ 80,000 ರೂಪಾಯಿಯನ್ನು 1841ರ ಶರತ್ಕಾಲದಲ್ಲಿ ಅರ್ಧಕ್ಕಿಳಿಸಿದವರು ಯಾರು? ಉಳಿತಾಯವಂತೆ! ದಂಡಿನ ಪಾಳೆಯವನ್ನು ಗುಡ್ಡಗಳ ಕೆಳಗೆ ತಗ್ಗಿನಲ್ಲಿ ಕಟ್ಟಿ, ದವಸದ ಉಗ್ರಾಣವನ್ನು ಗೋಡೆಯ ಆಚೆಗಿಟ್ಟಿದ್ದರು. ದಂಗೆ ಎದ್ದ ಕೆಲವೇ ದಿನಗಳಲ್ಲಿ ಉಗ್ರಾಣ ಕೈತಪ್ಪಿತು. ದಂಡನಾಯಕ ಎಲ್ಫಿನ್‌ಸ್ಟನ್‌ನಿಗೆ ಸಂಧಿವಾತ. ಕುದುರೆ ಏರುವುದಿರಲಿ, ಒಂದು ತೀರ್ಮಾನಕ್ಕೆ ಬರುವುದೂ ಆಗುತ್ತಿರಲಿಲ್ಲ.

ಎಲ್ಡ್ರೆಡ್ ಪಾಟಿಂಜರ್ ಎಂಬ ಅಧಿಕಾರಿ ಹೊರಡುವ ಮೊದಲೇ ಒಂದು ಮಾತು ಹೇಳಿದ್ದ: ಹಳೆಯ ಕುದುರೆ ಕಂಬಳಿಗಳನ್ನು ಪಟ್ಟಿಪಟ್ಟಿಯಾಗಿ ಹರಿದು, ಆಫ್ಘನ್ನರಂತೆ ಸೈನಿಕರ ಕಾಲಿಗೆ ಸುತ್ತಿಸಿ. ಯಾರೂ ಕಿವಿಗೊಡಲಿಲ್ಲ. ನನಗೆ ಇಡೀ ಕಥೆಯಲ್ಲಿ ಮರೆಯಲಾಗದ್ದು ಇದು. ಮೊದಲ ರಾತ್ರಿ ಹಿಮದ ಮೇಲೆ ಗುಡಾರವಿಲ್ಲದೆ ಕಳೆದ ಬಯಲುಸೀಮೆಯ ಸಿಪಾಯಿಗಳ ಕೈಕಾಲುಗಳು ಬೆಳಗಾಗುವುದರೊಳಗೆ ಮರಗಟ್ಟಿದ್ದವು. ಬೆಚ್ಚಗಾಗಲು ಕೆಲವರು ತಮ್ಮ ಟೋಪಿಗಳನ್ನೇ ಸುಟ್ಟರು. ಅಂಥವರು ಕೋವಿ ಹಿಡಿಯುವುದಾದರೂ ಹೇಗೆ? ಜನವರಿ 8ರಂದು ಖುರ್ದ್ ಕಾಬೂಲ್ ಕಣಿವೆ ಹೊಕ್ಕರು. ಎಂಟು ಕಿಲೋಮೀಟರಿನಷ್ಟು ಇಕ್ಕಟ್ಟಾದ ಹಾದಿ, ಇಪ್ಪತ್ತೆಂಟು ಸಲ ದಾಟಬೇಕಾದ ಹಳ್ಳ, ಎರಡೂ ಬದಿಯ ಬಂಡೆಗಳ ಮೇಲೆ ಜೆಝೈಲ್ ಬಂದೂಕುಗಳು. ಒಂದೇ ದಿನಕ್ಕೆ ಸುಮಾರು ಮೂರು ಸಾವಿರ ಜನ ಸತ್ತರು.

ಮರುದಿನ ದೋಸ್ತ್ ಮೊಹಮ್ಮದನ ಮಗ ಅಕ್ಬರ್ ಖಾನನ ಆಶ್ರಯಕ್ಕೆ ಬಿಳಿಯ ಹೆಂಗಸರು, ಮಕ್ಕಳು, ಸಂಸಾರವಂದಿಗ ಅಧಿಕಾರಿಗಳು ಹೋದರು. 11ರಂದು ಮಾತುಕತೆಗೆ ಹೋದ ಎಲ್ಫಿನ್‌ಸ್ಟನ್‌ನೂ ಅಲ್ಲೇ ಸೆರೆಯಾಗಿ ಉಳಿದ. ಸಿಪಾಯಿಯ ಹೆಂಡತಿಯ ರಕ್ಷಣೆಗೆ ಒಪ್ಪಂದವೇನೂ ಆಗಲಿಲ್ಲ. ಒತ್ತೆಯಾಗಿದ್ದ ಆ ಬಿಳಿಯರಲ್ಲಿ ಬದುಕುಳಿದವರು ಸೆಪ್ಟೆಂಬರಿನಲ್ಲಿ ಬಿಡುಗಡೆಯಾದರು. ಹಿಮಕ್ಕೆ ಕಾಲು ಕಳೆದುಕೊಂಡು ಕಾಬೂಲಿನ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದ ಸಿಪಾಯಿಗಳೂ ಆಮೇಲೆ ಬಂದ ಕಂಪನಿಯ ದಂಡನಾಯಕ ಪೊಲಕ್‌ನ ದಂಡಿಗೆ ಸಿಕ್ಕರು. ಹಾಗಿರುವಾಗ "ಒಬ್ಬನೇ" ಎಂಬುದು ಯಾವ ಲೆಕ್ಕ?

ಇನ್ನು ಆ ಕುದುರೆ. ಅದು ಬ್ರೈಡನ್‌ನದಲ್ಲ. ಅವನ ಕುದುರೆ ದಾರಿಯಲ್ಲೇ ಹೋಗಿತ್ತು. ಎದೆಗೆ ಗುಂಡು ತಗುಲಿ ನೆತ್ತರು ಸುರಿಸುತ್ತಿದ್ದ ಒಬ್ಬ ಸವಾರ ಅವನ ಕೈ ಹಿಡಿದು, "ಬೇರೆ ಯಾರಾದರೂ ಕಿತ್ತುಕೊಳ್ಳುವ ಮೊದಲು ನನ್ನ ಈ ತಟ್ಟುಕುದುರೆ ತೆಗೆದುಕೊಳ್ಳಿ" ಎಂದು ಬೇಡಿಕೊಂಡು ಪ್ರಾಣ ಬಿಟ್ಟ. ಚಿತ್ರದಲ್ಲಿ ಬ್ರೈಡನ್ ಇದ್ದಾನೆ, ಕುದುರೆಯೂ ಇದೆ. ಕೊಟ್ಟವನ ಹೆಸರೂ ಇಲ್ಲ. ಜಲಾಲಾಬಾದಿನ ಲಾಯದಲ್ಲಿ ಮಲಗಿದ ಆ ಬಡಪಾಯಿ ತಟ್ಟು ಮತ್ತೆ ಏಳಲಿಲ್ಲವಂತೆ.

ಸೇಡಿಗೆಂದು ಮರಳಿ ಬಂದ ಕಂಪನಿಯ ದಂಡು ಕಾಬೂಲಿನ ದೊಡ್ಡ ಪೇಟೆಯನ್ನು ಸುಟ್ಟು ಹೊರಟುಹೋಯಿತು. ಯಾರನ್ನು ಇಳಿಸಲು ಇಷ್ಟೆಲ್ಲ ನಡೆಯಿತೋ ಆ ದೋಸ್ತ್ ಮೊಹಮ್ಮದನೇ ಮತ್ತೆ ಗದ್ದುಗೆ ಏರಿದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯಿದೆ. ಗವರ್ನರ್ ಜನರಲ್ ಎಲೆನ್‌ಬರೊ ಬಾಗಿಲನ್ನೇ ಹೊತ್ತು ತರಿಸಿದ: ಘಜನಿಯಲ್ಲಿ ಸುಲ್ತಾನ ಮಹಮೂದನ ಗೋರಿಯಿಂದ ಕಿತ್ತ ಬಾಗಿಲು, ಅವನು ಸೋಮನಾಥದಿಂದ ಹೊತ್ತೊಯ್ದದ್ದು, ಎಂಟುನೂರು ವರ್ಷಗಳ ಅವಮಾನ ತೀರಿತು ಎಂಬ ಘೋಷಣೆಯೊಂದಿಗೆ. ಶ್ರೀಗಂಧದ್ದೆಂದುಕೊಂಡಿದ್ದ ಆ ಬಾಗಿಲು ದೇವದಾರು ಮರದ್ದು, ಸೋಮನಾಥಕ್ಕೆ ಸಂಬಂಧವೇ ಇಲ್ಲದ್ದು. ಆಗ್ರಾ ಕೋಟೆಯ ಒಂದು ಕೋಣೆಯಲ್ಲಿ ಈಗಲೂ ಇದೆ.