ಪೊರಕೆ ಎಲ್ಲಿಡೋದು?

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಕೀಲಿ ಕೈಗೆ ಬಂದ ಮೇಲೆ ಮನೆಯೊಳಗೆ ಮೊದಲು ಕಾಲಿಡುವುದು ಹಸುವೂ ಅಲ್ಲ, ಹಾಲುಕ್ಕಿಸುವ ಪಾತ್ರೆಯೂ ಅಲ್ಲ. ಒಳಾಂಗಣ ವಿನ್ಯಾಸದವರು ಕಂಪ್ಯೂಟರಿನಲ್ಲಿ ಬರೆದುಕೊಟ್ಟ 3ಡಿ ಚಿತ್ರ. ಅದರಲ್ಲಿ ಹತ್ತು ಬೈ ಹದಿನೆಂಟರ ನಿಮ್ಮ ಹಾಲ್ ಕಲ್ಯಾಣ ಮಂಟಪದಷ್ಟು ಅಗಲವಾಗಿರುತ್ತದೆ. ಎದುರು ಟವರ್ ಇಪ್ಪತ್ತೇ ಅಡಿ ದೂರದಲ್ಲಿರುವ ಉತ್ತರದ ಕಿಟಕಿಯಿಂದ ಎಳೆಬಿಸಿಲು ಧಾರಾಳವಾಗಿ ಸುರಿಯುತ್ತಿರುತ್ತದೆ. ಟೀಪಾಯಿಯ ಮೇಲೆ ಮೂರು ಹಸಿರು ಸೇಬು, ಯಾರೂ ತೆರೆಯದ ಒಂದು ದಪ್ಪ ಪುಸ್ತಕ. ಗ್ಯಾಸ್ ಸಿಲಿಂಡರ್ ಇಲ್ಲ, 25 ಕೆಜಿ ಅಕ್ಕಿ ಮೂಟೆ ಇಲ್ಲ, ವೈಫೈ ಡಬ್ಬ ಇಲ್ಲ, ಚಪ್ಪಲಿ ಇಲ್ಲ, ಸ್ವಿಚ್‌ಬೋರ್ಡ್ ಕೂಡ ಇಲ್ಲ.

“ಪೊರಕೆ ಎಲ್ಲಿಡೋದು?” ಎಂದು ಮನೆಯ ಹಿರಿಯಾಕೆ ಕೇಳುತ್ತಾರೆ.

“ಅದನ್ನ ಆಮೇಲೆ ನೋಡ್ಕೊಳ್ಳೋಣ ಆಂಟಿ” ಎಂದು ಡಿಸೈನರು ನಗುತ್ತಾರೆ. ಶೇಕಡ 18ರ ಜಿಎಸ್‌ಟಿ ಸೇರಿಸಿ ಕೊಟೇಶನ್ ಬರುತ್ತದೆ. ಆಮೇಲೆ ಎಂಬುದು ಬರುವುದಿಲ್ಲ.

ಕೆಲಸ ಶುರುವಾಗುವುದು ತಲೆಯ ಮೇಲಿಂದ. ಮನುಷ್ಯರು ವಾಸಿಸುವ ಕೋಣೆಗೆ ಕನಿಷ್ಠ 2.75 ಮೀಟರ್, ಅಂದರೆ ಸುಮಾರು ಒಂಬತ್ತಡಿ ಎತ್ತರ ಇರಬೇಕೆಂದು ನ್ಯಾಷನಲ್ ಬಿಲ್ಡಿಂಗ್ ಕೋಡ್ ಹೇಳುತ್ತದೆ. ಬಿಲ್ಡರ್ ಒಂಬತ್ತೂವರೆ ಕೊಟ್ಟಿದ್ದಾನೆ ಎಂದುಕೊಳ್ಳಿ. ಅಷ್ಟು ಜಾಗ ಮೇಲೆ ಸುಮ್ಮನೆ ಬಿದ್ದಿದ್ದರೆ ನೋಡಿದವರು ಏನೆಂದುಕೊಂಡಾರು? ಅದಕ್ಕೆ ಎಂಟು ಇಂಚು ಕೆಳಗೆ ಇನ್ನೊಂದು ಸೀಲಿಂಗ್. ಹೆಸರೇ ಫಾಲ್ಸ್, ಇಡೀ ಕೊಟೇಶನ್ನಿನಲ್ಲಿ ಇಷ್ಟು ಪ್ರಾಮಾಣಿಕವಾದ ಪದ ಇನ್ನೊಂದು ಸಿಗುವುದಿಲ್ಲ.

ಫ್ಯಾನು ಗಾಳಿಯನ್ನು ಹುಟ್ಟಿಸುವುದಿಲ್ಲ, ಮೇಲಿನ ಗಾಳಿಯನ್ನು ಎಳೆದು ಕೆಳಗೆ ತಳ್ಳುತ್ತದೆ. ಎಳೆಯಬೇಕಾದರೆ ರೆಕ್ಕೆಗೂ ಸೀಲಿಂಗಿಗೂ ನಡುವೆ ಒಂದಡಿ ಖಾಲಿ ಬೇಕು. ಸೀಲಿಂಗ್ ಎಂಟು ಇಂಚು ಇಳಿಯಿತೆಂದರೆ ರಾಡೂ ಅಷ್ಟೇ ಉದ್ದವಾಗಬೇಕು. ಆದರೆ ಉದ್ದ ರಾಡು 3ಡಿಯಲ್ಲಿ ಇರಲಿಲ್ಲವಲ್ಲ! ಡಬ್ಬದ ಜತೆ ಬಂದ ರಾಡನ್ನೇ ಸಿಕ್ಕಿಸುತ್ತಾರೆ. ರೆಕ್ಕೆ ಹೊಸ ಸೀಲಿಂಗಿನ ಜಿಪ್ಸಮ್ ಬೋರ್ಡಿಗೆ ಮೂರ್ನಾಲ್ಕು ಇಂಚಿನಲ್ಲಿ ತಿರುಗುತ್ತದೆ; ರೆಗ್ಯುಲೇಟರನ್ನು ಐದರಲ್ಲಿಟ್ಟರೂ ಕೆಳಗೆ ಕೂತವರ ಕೈಯಲ್ಲಿನ ಪೇಪರ್ ಅಲುಗುವುದಿಲ್ಲ. ಪರಿಹಾರವಾಗಿ ಎಸಿ ಬರುತ್ತದೆ. ಎಸಿ ನೀರಿನ ಪೈಪು ಕಣ್ಣಿಗೆ ಬೀಳಬಾರದೆಂದು ಅದನ್ನೂ ಸೀಲಿಂಗಿನೊಳಗೆ ಮಲಗಿಸುತ್ತಾರೆ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರಾದರೂ ಬೇಕಿದ್ದ ಪೈಪು ಮಟ್ಟಸವಾಗಿ ನಿದ್ದೆ ಹೊಡೆಯುತ್ತದೆ. ಎರಡನೇ ಬೇಸಿಗೆಗೆ ನೀರು ಒಳಗೇ ನಿಂತು, ಬೋರ್ಡಿನ ಮೇಲೆ ಕರ್ನಾಟಕ ನಕ್ಷೆಯಂಥ ಚಹಾ ಬಣ್ಣದ ಕಲೆ.

ಅಂಚಿನಲ್ಲಿ ಗಟಾರದಂಥ ಕೋವ್ ತೆಗೆದು ಒಳಗೆ ಎಲ್‌ಇಡಿ ಪಟ್ಟಿ ಹಾಯಿಸುತ್ತಾರೆ. ಬೆಳಕು ನೇರ ಕಣ್ಣಿಗೆ ಬೀಳಬಾರದಂತೆ. ಧೂಳು ಮಾತ್ರ ನೇರ ಅದರೊಳಗೇ ಬೀಳುತ್ತದೆ, ಹಲ್ಲಿ ಅಲ್ಲೇ ಸಂಸಾರ ಹೂಡುತ್ತದೆ, ಅದರ ನೆರಳು ಗೋಡೆಯ ಮೇಲೆ ಮೊಸಳೆಯಷ್ಟು ಕಾಣುತ್ತದೆ. 12 ವೋಲ್ಟಿನ ಪಟ್ಟಿ ಐದು ಮೀಟರ್ ದಾಟಿದರೆ ಕೊನೆಕೊನೆಗೆ ಮಂಕಾಗುತ್ತದೆ. ಐದೈದು ಮೀಟರಿಗೆ ಬೇರೆ ವೈರ್ ಎಳೆಯಬೇಕು, ಇಲ್ಲವೇ 24 ವೋಲ್ಟಿನದ್ದು ತರಬೇಕು. ಎರಡೂ ಮಾಡದೆ ಇಡೀ ಹಾಲನ್ನು ಒಂದೇ ಉಸಿರಿಗೆ ಸುತ್ತಿದರೆ ಒಂದು ಮೂಲೆ ಮದುವೆ ಮನೆ, ಎದುರು ಮೂಲೆ ಸೂತಕದ ಮನೆ. ಪಟ್ಟಿಗಿಂತ ಮೊದಲು ಪ್ರಾಣ ಬಿಡುವುದು ಅದಕ್ಕೆ ಕರೆಂಟ್ ಇಳಿಸಿ ಕೊಡುವ ಡ್ರೈವರ್ ಡಬ್ಬಿ. ಬೆಲೆ ಕೆಲವು ನೂರು ರೂಪಾಯಿ. ಇರುವುದು ಬೋರ್ಡಿನ ಮೇಲೆ, ಪುಟ್ಟಿ ಮೆತ್ತಿ ಪೇಂಟ್ ಹೊಡೆದ ಗೋರಿಯಲ್ಲಿ. ಒಂದಡಿ ಚೌಕದ ಮುಚ್ಚಳ ಬಿಟ್ಟಿದ್ದರೆ ಸ್ಟೂಲ್ ಹತ್ತಿ ಹತ್ತು ನಿಮಿಷದಲ್ಲಿ ಬದಲಿಸಬಹುದಿತ್ತು. ಆದರೆ ಲುಕ್!

ಇನ್ನು ಅಡುಗೆಮನೆ. ಕ್ಷಮಿಸಿ, ಓಪನ್ ಕಿಚನ್. ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಕಮರಿ, ಇಂಗು ಮೂರು ಮನೆಗೆ ಸುದ್ದಿ ಮುಟ್ಟಿಸುವ ಅಡುಗೆಗೆ ಗೋಡೆ ಬೇಡ ಎಂದು ಯಾರು ತೀರ್ಮಾನಿಸಿದರೋ ಅವರ ಮನೆಯಲ್ಲಿ ಸಂಜೆಗೆ ಬ್ರೆಡ್ ಇರಬೇಕು. ಘಾಟನ್ನೆಲ್ಲ ಚಿಮಣಿ ಎಳೆದುಕೊಳ್ಳುತ್ತದೆ ಎನ್ನುತ್ತಾರೆ. ಒಲೆಯಿಂದ 26ರಿಂದ 30 ಇಂಚು ಮೇಲೆ, ಆರಿಂಚಿನ ಪೈಪಿನಲ್ಲಿ, ಆದಷ್ಟು ನೇರವಾಗಿ, ಹತ್ತಿರದ ಹೊರಗೋಡೆಗೆ ಹೋದರೆ ಎಳೆಯುತ್ತದೆ, ನಿಜ. ನಮ್ಮ ಚಿಮಣಿಯ ಪೈಪು ಮೊದಲು ಅಟ್ಟದ ಕಪಾಟಿನೊಳಗೆ ನುಗ್ಗುತ್ತದೆ, ಬಲಕ್ಕೆ ತಿರುಗುತ್ತದೆ, ಬೀಮು ಅಡ್ಡ ಬಂತೆಂದು ಬಗ್ಗುತ್ತದೆ, ಫ್ರಿಜ್ಜಿನ ಮೇಲಿಂದ ಪಾತ್ರೆ-ಬಟ್ಟೆ ತೊಳೆಯುವ ಯುಟಿಲಿಟಿಗೆ ಹೊರಳುತ್ತದೆ. ಅಲ್ಲಿ ಬಿಲ್ಡರ್ ಬಿಟ್ಟಿರುವುದು ನಾಲ್ಕಿಂಚಿನ ತೂತು. ಆರಿಂಚಿನದನ್ನು ನಾಲ್ಕಕ್ಕೆ ತುರುಕಿದರೆ ಹೊಗೆಗೆ ಉಳಿಯುವ ದಾರಿ ಅರ್ಧಕ್ಕೂ ಕಡಿಮೆ. ಡಬ್ಬದ ಮೇಲೆ ಗಂಟೆಗೆ 1,200 ಘನ ಮೀಟರ್ ಎಂದು ಬರೆದದ್ದನ್ನು ಹೊಗೆ ಓದಿರುವುದಿಲ್ಲ. ಅದು ಸೋಫಾ ಬಟ್ಟೆಯ ದಾರಿ ಹಿಡಿಯುತ್ತದೆ. ಭಾನುವಾರದ ಬಂಗುಡೆ ಫ್ರೈ ಬುಧವಾರದವರೆಗೂ ಹಾಲಿನಲ್ಲಿ ಕೂತಿರುತ್ತದೆ.

ಕಟ್ಟೆಯ ಕಲ್ಲು ಬಿಳಿ ಕ್ವಾರ್ಟ್ಜ್ ಆಗಬೇಕು. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಹಡಗು ಹತ್ತಿ ದೇಶ ದೇಶ ಸುತ್ತುತ್ತವೆ. ಇಲ್ಲಿಯವರಿಗೆ ಕಲ್ಲಿನ ಪುಡಿಯನ್ನು ರೆಸಿನ್ ಎಂಬ ಅಂಟಿನಲ್ಲಿ ಕಲಸಿ ಅಚ್ಚು ಹಾಕಿದ್ದೇ ಬೇಕು. ರೆಸಿನ್ ಬಿಸಿ ತಡೆಯುವುದಿಲ್ಲ. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಇಟ್ಟರೆ ಹಳದಿ ಉಂಗುರ ಬೀಳುತ್ತದೆ, ಗ್ರಹಚಾರ ಕೆಟ್ಟಿದ್ದರೆ ಬಿರುಕೂ ಬಿಡುತ್ತದೆ. ಅರಿಸಿನದ ಕೈ ತಗಲಿದರಂತೂ ತಕ್ಷಣ ಒರೆಸಬೇಕು. ಕಲ್ಲನ್ನು ಕಾಪಾಡಲು ಅದರ ಮೇಲೆ ಮಣೆ, ಮಣೆಯನ್ನು ಕಾಪಾಡಲು ಬಟ್ಟೆ. ಕಟ್ಟೆಯ ಎತ್ತರ 36 ಇಂಚು, ಕ್ಯಾಟಲಾಗಿನ ಪ್ರಕಾರ. ಲಟ್ಟಿಸುವ ಕೈಗೆ ಕಟ್ಟೆ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿರಬೇಕು. ಐದಡಿ ಎತ್ತರದ ಹೆಂಗಸಿಗೆ 32 ಸರಿ. ಆದರೆ ಅಳತೆ ಟೇಪು ಗೋಡೆಗಳನ್ನೆಲ್ಲ ಅಳೆಯುತ್ತದೆ, ಅಡುಗೆ ಮಾಡುವವರನ್ನು ಬಿಟ್ಟು.

ಡ್ರಾಯರ್ ಎಳೆದು ನೋಡಿ. ಮೊದಲನೆಯದು ನಾಲ್ಕಿಂಚು ಎತ್ತರ, ಒಳಗೆ ಫೋರ್ಕಿಗೊಂದು, ಚಾಕುವಿಗೊಂದು, ಇನ್ನೂ ಸಣ್ಣ ಫೋರ್ಕಿಗೊಂದು ಖಾನೆ. ಸಾರಿನ ಸೌಟು ಇದರಲ್ಲಿ ಮಲಗುವುದಿಲ್ಲ. ಓರೆಯಾಗಿ ಮಲಗಿಸಿದರೆ ಮುಚ್ಚುವಾಗ ಸುಮ್ಮನಿದ್ದು, ತೆರೆಯುವಾಗ ಬಟ್ಟಲು ಮೇಲೆತ್ತಿ ಕಟ್ಟೆಯ ತಳಕ್ಕೆ ಕಚ್ಚಿಕೊಳ್ಳುತ್ತದೆ. ಎರಡು ಬೆರಳು ತೂರುವಷ್ಟು ಸಂದು, ಅಷ್ಟೇ. ಅದರಲ್ಲಿ ಚಾಕು ತೂರಿಸಿ ಸೌಟನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಡ್ರಾಯರ್ ಎಳೆಯುವಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕಿರುತ್ತದೆ. ಹಿಡಿಗಳೂ ಇಲ್ಲ, ಹಿಡಿ ಹಳೇ ಫ್ಯಾಷನ್. ಬದಲಿಗೆ ಉದ್ದಕ್ಕೂ ಅಲ್ಯೂಮಿನಿಯಂ ತೋಡು, ಅದರ ತುಂಬ ಗೋಧಿ ಹಿಟ್ಟು ಮತ್ತು ಮೊನ್ನೆಯ ದೋಸೆ ಹಿಟ್ಟು.

ಹತ್ತು ಹನ್ನೆರಡು ಕೆಜಿಯ ಗ್ರೈಂಡರಿಗೆ ಜಾಗ ಎಲ್ಲಿ? ಸಿಲಿಂಡರಿಗೆ? ಕುಕ್ಕರಿಗೆ? ಎಲ್ಲ ಯುಟಿಲಿಟಿಗೆ. ಮೂರೂವರೆ ಅಡಿ ಅಗಲದ ಆ ಓಣಿಯಲ್ಲಿ ವಾಷಿಂಗ್ ಮಷಿನ್ನಿನ ಪಕ್ಕ ಹಳೇ ಎರಡು ಬರ್ನರ್ ಒಲೆ ಬಂದು ಕೂತಿದೆ. ನಿಜವಾದ ಅಡುಗೆ ಆಗುವುದು ಅಲ್ಲೇ. ಇದಕ್ಕೆ ವೆಟ್ ಕಿಚನ್ ಎಂಬ ಹೆಸರೂ ಇದೆ. ಒಳಗಿನ ಲಕ್ಷಾಂತರದ್ದು ಡ್ರೈ ಕಿಚನ್, ಹಾಲು ಬಿಸಿ ಮಾಡಲು.

ಅತ್ತ ಸಿಂಕಿನ ಕೆಳಗಿನ ಬಾಗಿಲನ್ನು ವರ್ಷದ ಮೇಲೆ ಒಮ್ಮೆ ತೆರೆದರೆ ಇಡೀ ಮನೆಯ ಜಾತಕ ಸಿಗುತ್ತದೆ. ಕೊಟೇಶನ್ನಿನಲ್ಲಿ ಐಎಸ್ 710, ಅಂದರೆ ನೀರು ತಡೆಯುವ ಮರೀನ್ ಪ್ಲೈವುಡ್. ಬಂದಿರುವುದು ಐಎಸ್ 303ರ ಸಾಮಾನ್ಯ ಎಂಆರ್ ದರ್ಜೆ. ಅದು ತೇವಕ್ಕೆ ಸರಿ, ನಿಂತ ನೀರಿಗೆ ಅಲ್ಲ. ಮುದ್ರೆ ನೋಡಬೇಕಾದದ್ದು ಲ್ಯಾಮಿನೇಟ್ ಅಂಟಿಸುವ ಮೊದಲು. ಆಗ ಎಲ್ಲರೂ ಬಣ್ಣ ಆರಿಸುತ್ತಿದ್ದರು: ಆಶ್ ಗ್ರೇನೋ, ಸ್ಮೋಕ್ ಗ್ರೇನೋ? ಪೈಪಿಗೆ ಕೊರೆದ ತೂತಿನ ಬರಿ ಅಂಚಿಗೆ ಸಿಲಿಕಾನ್ ಬಳಿಯದಿದ್ದರೆ ಒಳ್ಳೆಯ ಹಲಗೆಯೂ ಅಲ್ಲಿಂದಲೇ ನೀರು ಕುಡಿಯಲು ಶುರುಮಾಡುತ್ತದೆ. ಹಲಗೆ ಉಬ್ಬುತ್ತದೆ, ಹಿಂಜಿನ ಸ್ಕ್ರೂ ಹಿಡಿತ ತಪ್ಪುತ್ತದೆ, ಸಾಫ್ಟ್ ಕ್ಲೋಸ್ ಬಾಗಿಲು ಬಲು ಸಾಫ್ಟಾಗಿ ಕಾಲ ಮೇಲೆ ಬೀಳುತ್ತದೆ.

ಶೈಲಿಯ ವಿಷಯ ಹೇಳಲೇಬೇಕು. ಒಂದು ಮನೆ ಸ್ಕ್ಯಾಂಡಿನೇವಿಯನ್. ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರದಲ್ಲಿ, ಡಿಸೆಂಬರಿನಲ್ಲಿ ಅಲ್ಲಿ ಹಗಲು ಸುಮಾರು ಆರೇ ಗಂಟೆ. ಸಿಕ್ಕಷ್ಟು ಬೆಳಕನ್ನು ಹಿಡಿದಿಡಲು ಪಾಪ ಅವರು ಗೋಡೆಗೆಲ್ಲ ಬಿಳಿ ಬಳಿದರು, ಚಳಿಗೆ ಉಣ್ಣೆಯ ಹಾಸು ಹಾಸಿದರು. ನಾವು 13 ಡಿಗ್ರಿಯಲ್ಲಿ ಕೂತು, ಮೆಟ್ರೊ ಕಾಮಗಾರಿಯ ಧೂಳಿನ ಎದುರು ಬಿಳಿ ಸೋಫಾ ಹಾಕಿ, ಬಿಸಿಲು ಬೀಳದಿರಲೆಂದು ಬ್ಲೈಂಡ್ಸ್ ಇಳಿಸಿ, ಮಧ್ಯಾಹ್ನಕ್ಕೇ ಲೈಟ್ ಹಾಕುತ್ತೇವೆ. ಪಕ್ಕದ ಮನೆ ತೊಟ್ಟಿ ಮನೆ ಶೈಲಿ, ಹದಿನಾಲ್ಕನೇ ಮಹಡಿಯಲ್ಲಿ. ಮಳೆ ಬೀಳದ ತೊಟ್ಟಿ, ಏನನ್ನೂ ಹೊರದ ಕಂಬ, ರೆಡ್ ಆಕ್ಸೈಡ್‌ನಂತೆ ಕಾಣುವ ವಿಟ್ರಿಫೈಡ್ ಟೈಲು. ಊರಿನ ಅಸಲಿ ರೆಡ್ ಆಕ್ಸೈಡ್ ನೆಲವನ್ನು ಕಿತ್ತು ಬಿಳಿ ಟೈಲ್ ಹಾಕಿಸಿದವರೂ ಇದೇ ಕುಟುಂಬ. ಒರಳುಕಲ್ಲಿನಲ್ಲಿ ಮನಿ ಪ್ಲಾಂಟ್. ಉರುಳಿಯಲ್ಲಿ ನೀರು, ನೀರಿನ ಮೇಲೆ ಸೇವಂತಿಗೆ, ನೀರಿನ ಕೆಳಗೆ ಸೊಳ್ಳೆ ಮರಿ.

ದೇವರ ಹಿಂದೆ ಎಂಡಿಎಫ್ ಹಲಗೆಯಲ್ಲಿ ಮಷಿನ್ ಕೊರೆದ ಜಾಲಿ, ಜಾಲಿಯ ಹಿಂದೆ ದೀಪ. ದೀಪ ಹಚ್ಚುವುದಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ. ಹಚ್ಚಿದರೆ ಮೇಲಿನ ಹಲಗೆ ಒಂದಡಿಯಲ್ಲೇ ಇದ್ದು ದೀಪಾವಳಿಯೊಳಗೆ ಕಪ್ಪಾಗುತ್ತದೆ. ಕಲ್ಲಿನ ಹಾಸು, ಮೇಲೆ ಎರಡಡಿ ಖಾಲಿ, ಹೊಗೆಗೊಂದು ದಾರಿ: ಇಷ್ಟು ಕೇಳಿದ್ದಕ್ಕೆ ಬ್ಯಾಟರಿ ದೀಪ ತಂದುಕೊಟ್ಟರು. ಎಣ್ಣೆ ಬೇಡ, ಬತ್ತಿ ಬೇಡ. ಸೆಲ್ ಮುಗಿದರೆ ದೇವರೂ ಕತ್ತಲಲ್ಲಿ.

ಬಚ್ಚಲಿಗೆ ರೇನ್ ಶವರ್. ನೀರಿನ ಒತ್ತಡ ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಲೆಕ್ಕ. ಟ್ಯಾಂಕಿನ ಅಡಿಯಲ್ಲೇ ಇರುವ ಮೇಲಿನ ಮಹಡಿಯವರಿಗೆ ಪಂಪಿಲ್ಲದೆ ಅದು ಮಳೆಯಲ್ಲ, ಸೂರಿನಿಂದ ತೊಟ್ಟಿಕ್ಕುವ ಹನಿ. 2024ರ ಬೇಸಿಗೆಯಲ್ಲಿ ಜಲಮಂಡಳಿ ನಲ್ಲಿಗಳಿಗೆ ಏರೇಟರ್ ಹಾಕಿಸಿ ನೀರುಳಿಸಿ ಎಂದು ಆದೇಶ ಹೊರಡಿಸುತ್ತಿದ್ದಾಗ ಎಷ್ಟೋ ಮನೆಗಳಿಗೆ ಹನ್ನೆರಡಿಂಚಿನ ಶವರ್ ತಟ್ಟೆ ಬಂದಿಳಿಯುತ್ತಿತ್ತು. ಕಪ್ಪು ಮ್ಯಾಟ್ ನಲ್ಲಿಗಳಂತೂ ಬೋರ್‌ವೆಲ್ ನೀರಿನ ಸುಣ್ಣಕ್ಕೆ ಆರೇ ತಿಂಗಳಲ್ಲಿ ವಿಭೂತಿ ಧರಿಸಿರುತ್ತವೆ.

ಕೆಲಸ ಮುಗಿದ ಮೇಲೆ ಕಂಪನಿಯ ಫೋಟೊಗ್ರಾಫರ್ ಬರುತ್ತಾನೆ. ಅಜ್ಜಿಯ ಪ್ಲಾಸ್ಟಿಕ್ ಕುರ್ಚಿ ಪಕ್ಕದ ಮನೆಗೆ ಹೋಗುತ್ತದೆ, ಅಜ್ಜಿಯ ಸಮೇತ. ಟೀಪಾಯಿಯ ಮೇಲೆ ಮೂರು ಹಸಿರು ಸೇಬು ಬರುತ್ತವೆ. ಟಾಲ್ ಯೂನಿಟ್ಟಿನಲ್ಲಿ ಓವನ್ ಇದೆ, ಅದರೊಳಗೆ ಅದರದೇ ಕೈಪಿಡಿ ಇದೆ. ಫ್ರಿಜ್ಜಿನ ಪಕ್ಕ ಆರಿಂಚು ಸಂದು ಬಿಟ್ಟಿದ್ದರೆ ನಾಲ್ಕಡಿಯ ಪೊರಕೆ, ಮಾಪಿನ ಕೋಲು ಎರಡೂ ನೆಟ್ಟಗೆ ನಿಲ್ಲುತ್ತಿದ್ದವು. ಅಲ್ಲಿ ಫಿಲ್ಲರ್ ಪಟ್ಟಿ ಬಡಿದು ಮುಚ್ಚಿದ್ದಾರೆ.

ಪೊರಕೆ ಹೊರಗಿದೆ. ಲಿಫ್ಟಿನ ಪಕ್ಕದ ಕೆಂಪು ಬಾಗಿಲಿನ ಫೈರ್ ಡಕ್ಟಿನಲ್ಲಿ, ಬೆಂಕಿ ಆರಿಸುವ ಹೋಸ್ ರೀಲಿಗೆ ಒರಗಿಕೊಂಡು. ಹಿಡಿಯ ಮೇಲೆ ಮಾರ್ಕರಿನಲ್ಲಿ 1402 ಎಂದು ಬರೆದಿದ್ದಾರೆ. 1401, 1403, 1404ರವರದ್ದೂ ಅಲ್ಲೇ ಇವೆಯಲ್ಲ, ಅದಲುಬದಲಾಗಬಾರದು.